ಉಬ್ಬರದ ಗೆರೆ ಎಲ್ಲಿದೆ?

2020ರ ಜನವರಿ 11, ಶನಿವಾರ. ಕೇರಳದ ಕೊಚ್ಚಿಯ ಪಕ್ಕದ ಮರಡುವಿನಲ್ಲಿ 19 ಅಂತಸ್ತಿನ ಕಟ್ಟಡವೊಂದು ಕೆಲವೇ ಸೆಕೆಂಡುಗಳಲ್ಲಿ ಧೂಳಾಗಿ ಕುಸಿದದ್ದನ್ನು ನಿಮ್ಮಲ್ಲಿ ಅನೇಕರು ಟಿವಿಯಲ್ಲಿ ನೋಡಿರಬಹುದು. ಅಂದು ಮತ್ತು ಮರುದಿನ ಸೇರಿ ನಾಲ್ಕು ವಸತಿ ಸಮುಚ್ಚಯಗಳನ್ನು ಸ್ಫೋಟಕ ಇಟ್ಟು ಉರುಳಿಸಿದರು. ನಮ್ಮ ಬೀದಿಯ ಮಕ್ಕಳು ಅದನ್ನು ಮೊಬೈಲಿನಲ್ಲಿ ಹಿಂದೆ ಮುಂದೆ ಓಡಿಸಿ ಎಷ್ಟು ಸಲ ನೋಡಿದರೋ ಲೆಕ್ಕವಿಲ್ಲ. ದೊಡ್ಡವರೂ ಹಾಗೆಯೇ. ಸ್ಫೋಟಕ ಎಷ್ಟು ಕಿಲೋ, ಪಕ್ಕದ ಮನೆಗಳಿಗೆ ಏನಾಯಿತು ಎಂದೆಲ್ಲ ಮಾತಾಡಿದೆವು. ಒಳ್ಳೆಯ ಗಟ್ಟಿಮುಟ್ಟಾದ ಕಟ್ಟಡವನ್ನು ಯಾಕೆ ಒಡೆದರು ಎಂದು ಕೇಳಿದವರು ಮಾತ್ರ ಕಡಿಮೆ.

ಮರಡು ಇರುವುದು ವೆಂಬನಾಡು ಹಿನ್ನೀರಿನ ದಂಡೆಯಲ್ಲಿ. 2002ರಲ್ಲಿಯೇ ರಾಮ್ಸರ್ ಪಟ್ಟಿಗೆ, ಎಂದರೆ ಇಡೀ ಜಗತ್ತಿಗೇ ಮುಖ್ಯವೆನಿಸಿದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ ಹಿನ್ನೀರು ಅದು. 2006ರಲ್ಲಿ ಅಲ್ಲಿನ ಪಂಚಾಯತಿ ನೀರಿನಂಚಿನಲ್ಲಿ ಬಹುಮಹಡಿ ಕಟ್ಟಲು ಪರವಾನಗಿ ಕೊಟ್ಟಿತು. ಕರಾವಳಿ ನಿಯಂತ್ರಣ ವಲಯ, ಎಲ್ಲರ ಬಾಯಲ್ಲೂ ಸಿಆರ್‌ಝಡ್ ಆಗಿರುವ ಆ ನಿಯಮದ ಪ್ರಕಾರ ಅದಕ್ಕೆ ರಾಜ್ಯದ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಒಪ್ಪಿಗೆ ಬೇಕಿತ್ತು. ಅದನ್ನು ಪಡೆದಿರಲಿಲ್ಲ. ಆಕ್ಷೇಪ ಬಂದಾಗ ಪಂಚಾಯತಿಯೇ ನೋಟಿಸು ಕೊಟ್ಟಿತು. ಕಟ್ಟುವವರು ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ಕೇಸು ನಡೆಯುತ್ತಿರುವಾಗಲೇ ಗೋಡೆಗಳು ಏಳುತ್ತಾ ಹೋದವು, ಮನೆಗಳು ಮಾರಾಟವಾದವು, ಜನ ಹಾಲುಕ್ಕಿಸಿ ಒಕ್ಕಲು ಬಂದರು. 2019ರ ಮೇ 8ರಂದು ಸುಪ್ರೀಂ ಕೋರ್ಟು ಎಲ್ಲವನ್ನೂ ಕೆಡವಿ ಎಂದಿತು. 300ಕ್ಕೂ ಹೆಚ್ಚು ಮನೆಗಳು! ಜೀವಮಾನದ ಉಳಿತಾಯ ಸುರಿದು ಕೊಂಡವರು ಪಾತ್ರೆ ಪಗಡಿ ಹೊತ್ತು ಲಿಫ್ಟಿನಲ್ಲಿ ಇಳಿದರು. ಮೊದಲ ಕಂತಿನ ಪರಿಹಾರವಾಗಿ ತಲಾ 25 ಲಕ್ಷ ರೂಪಾಯಿ ಕೊಡಿ ಎಂದು ಕೋರ್ಟೇ ಹೇಳಬೇಕಾಯಿತು.

ಸಹಿ ಹಾಕಿದ ಕೈ ಒಂದು, ಕಟ್ಟಿ ಮಾರಿದ ಕೈ ಇನ್ನೊಂದು, ಬೀದಿಗೆ ಬಂದವರು ಮತ್ತೊಬ್ಬರು. ಸಹಿ ಹಾಕುವ ದಿನ ಯಾರಾದರೂ ನಕ್ಷೆ ಬಿಡಿಸಿ ಉಬ್ಬರದ ಗೆರೆ ಎಲ್ಲಿದೆ ಎಂದು ನೋಡಿದ್ದರೆ ಇದಿಷ್ಟೂ ಅಲ್ಲಿಗೇ ನಿಲ್ಲುತ್ತಿತ್ತು.

ಕೇರಳದ ಕತೆ ನಮಗೇಕೆ ಎನ್ನಬೇಡಿ. ಸಿಆರ್‌ಝಡ್ ಅಧಿಸೂಚನೆಯಲ್ಲಿ ‘ಅತಿ ಸೂಕ್ಷ್ಮ ಕರಾವಳಿ ಪ್ರದೇಶ’ಗಳೆಂದು ದೇಶದ ಕೆಲವೇ ಕೆಲವು ಜಾಗಗಳ ಹೆಸರು ಹೇಳಿದ್ದಾರೆ. ಸುಂದರಬನ, ಭಿತರಕನಿಕಾ, ಮನ್ನಾರ್ ಕೊಲ್ಲಿ, ಕೇರಳದ ವೆಂಬನಾಡು... ಅದೇ ಸಾಲಿನಲ್ಲಿ ಕರ್ನಾಟಕದ ಎರಡು ಹೆಸರುಗಳಿವೆ: ಕಾರವಾರ ಮತ್ತು ನಮ್ಮ ಕುಂದಾಪುರ. ಇಲ್ಲೇ ಹುಟ್ಟಿ, ಇಲ್ಲಿನ ಶಾಲೆಗಳಲ್ಲೇ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು ನಾನು. ಈ ಸಂಗತಿ ಗೊತ್ತಿರುವವರು ಊರಲ್ಲಿ ಎಷ್ಟು ಜನ ಎಂದು ಒಮ್ಮೆ ಸುಮ್ಮನೆ ವಿಚಾರಿಸಿದ್ದೆ. ಬೆರಳಲ್ಲಿ ಎಣಿಸುವಷ್ಟು.

ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಐದೂ ಹೊಳೆಗಳು ಗಂಗೊಳ್ಳಿಯ ಬಳಿ ಸೇರಿ ಕಡಲಿಗೆ ಬೀಳುತ್ತವೆ. ಪಂಚಗಂಗಾವಳಿ ಎನ್ನುತ್ತೇವೆ. ನಡುನಡುವೆ ಕುದ್ರುಗಳು, ಅಂಚಿಗೆ ಕಾಂಡ್ಲಾ ಗಿಡಗಳ ಹಸಿರು. ಹೈವೇ ಸೇತುವೆಯ ಮೇಲೆ ಹೋಗುವ ಕಾರುಗಳೆಲ್ಲ ಇಲ್ಲಿ ಒಂದು ಕ್ಷಣ ನಿಧಾನ ಮಾಡುತ್ತವೆ. ಹಾಗೆ ನಿಧಾನ ಮಾಡಿದವರಿಗೆ ಇಲ್ಲೊಂದು ಮನೆಯಿದ್ದರೆ ಎನ್ನಿಸುವುದು ಸಹಜವೇ.

ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗನಿಗೂ ಅನ್ನಿಸಿತು. ಹೋದ ವರ್ಷ ಫೋನು ಮಾಡಿ, “ದೊಡ್ಡಮ್ಮ, ಹೊಳೆ ಬದಿ 20 ಸೆಂಟ್ಸ್ ಜಾಗ ಸಿಕ್ಕಿದೆ. ನೀವೊಮ್ಮೆ ನೋಡಿ ಹೇಳಿ” ಎಂದ. ನಾನು ಹುಣ್ಣಿಮೆಯ ದಿನವೇ ಬಾ ಎಂದೆ. ಅವನ ಮಗಳಿಗೆ ಐದನೇ ಕ್ಲಾಸು. “ಯಾಕಜ್ಜಿ, ಪೂಜೆ ಉಂಟಾ?” ಎಂದಳು. ಪೂಜೆಯಲ್ಲ ಪುಟ್ಟಿ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಸೂರ್ಯ ಚಂದ್ರರು ಒಂದೇ ಸಾಲಿನಲ್ಲಿ ನಿಂತು ಕಡಲನ್ನು ಸೆಳೆಯುತ್ತವೆ. ಆಗ ಭರತ, ಎಂದರೆ ಉಬ್ಬರ, ಉಳಿದ ದಿನಗಳಿಗಿಂತ ಜೋರು. ಜಾಗ ನೋಡುವುದಾದರೆ ಹೊಳೆ ಮೈದುಂಬಿ ನಿಂತಾಗಲೇ ನೋಡಬೇಕು.

ಮಧ್ಯಾಹ್ನ ಬ್ರೋಕರು ತೋರಿಸಿದ್ದು ಪಾಳುಬಿದ್ದ ಒಂದು ಗದ್ದೆ, ಅದರಾಚೆ ಕಾಂಡ್ಲಾದ ಒಂದು ಪಟ್ಟಿ, ಆಮೇಲೆ ಹೊಳೆ. “ಕನ್ವರ್ಷನ್ ಆಗಿದೆ ಮೇಡಂ, 9/11 ಮಾಡಿಸಿಕೊಡುವ ಜವಾಬ್ದಾರಿ ನಂದು. ಆ ಪೊದೆ ತೆಗೆಸಿ, ನಾಲ್ಕಡಿ ಮಣ್ಣು ತುಂಬಿಸಿ, ಕೆಂಪುಕಲ್ಲಿನ ಪಾಗಾರ ಹಾಕಿದರೆ ರಿವರ್ ವ್ಯೂ!” ಎಂದ. ಪಾಪ, ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಕಾಗದ ಎಲ್ಲವೂ ಸರಿಯಾಗಿಯೇ ಇತ್ತು. ಆದರೆ ಭೂ ಪರಿವರ್ತನೆಯ ಆದೇಶವಾಗಲಿ, ಪಂಚಾಯತಿಯ 9/11 ಆಗಲಿ ಹೇಳುವುದು ನೆಲ ಯಾರದು, ಯಾವ ಬಳಕೆಯದು ಎಂಬುದನ್ನು. ನೀರು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಅವು ಹೇಳುವುದಿಲ್ಲ.

ಅದನ್ನು ಹೇಳುವುದು ಗದ್ದೆಯೇ. ಸಂಜೆ ನೀರು ಏರತೊಡಗಿದಾಗ ಪುಟ್ಟಿಯ ಕೈಹಿಡಿದು ಅಂಚಿನಲ್ಲೇ ನಡೆದೆ. ಗದ್ದೆಯ ನಡುವಿನಲ್ಲಿ ಒಣಗಿದ ಎಲೆ, ತೆಂಗಿನ ಗರಿಯ ಚೂರು, ಥರ್ಮಾಕೋಲು, ಬೆರಳುದ್ದದ ಕಾಂಡ್ಲಾ ಮೊಳಕೆಗಳು ಒಂದೇ ಸಾಲಾಗಿ ಬಿದ್ದಿದ್ದವು. ಹಿಂದಿನ ಭರತ ಬಿಟ್ಟುಹೋದ ರಂಗೋಲಿ ಅದು. ಅದರ ಕೆಳಗೆಲ್ಲ ಏಡಿ ತೂತು. ಹುಡುಗಿ ಎಣಿಸತೊಡಗಿ ಅರುವತ್ತಕ್ಕೆ ಕೈಬಿಟ್ಟಳು. ಬ್ರೋಕರು ಮನೆ ಕಟ್ಟಬಹುದು ಎಂದು ತೋರಿಸಿದ ಜಾಗ ಆ ಸಾಲಿನಿಂದ ಹೊಳೆಯ ಕಡೆಗೇ ಇತ್ತು.

ಬಲೆ ಹೊತ್ತು ಬರುತ್ತಿದ್ದ ಹಿರಿಯರೊಬ್ಬರು ನಿಂತು ಕೇಳಿದರು: “ಇಲ್ ಮಣ್ಣ್ ತುಂಬ್ಸಿರೆ ಮಳಿಗಾಲ್ದ ನೀರ್ ಎಲ್ಲಿಗ್ ಹೋಯ್ಕ್?”

ನನಗೆ ಗೊತ್ತಿರುವ ಯಾವ ಪಠ್ಯಪುಸ್ತಕದಲ್ಲೂ ಜೌಗು ನೆಲದ ವಿಷಯ ಇಷ್ಟು ಚಿಕ್ಕದಾಗಿ ಬಂದಿಲ್ಲ. ಘಟ್ಟದ ಮೇಲೆ ಮಳೆ ಸುರಿದು ಹೊಳೆ ಕೆಳಗೆ ನುಗ್ಗುವಾಗಲೇ ಕಡಲಿನ ಭರತ ಮೇಲಕ್ಕೆ ತಳ್ಳಿದರೆ ಆ ನೀರೆಲ್ಲ ಹರಡಿ ನಿಲ್ಲುವುದು ಈ ತಗ್ಗು ಗದ್ದೆ, ಕೆಸರು ಬಯಲುಗಳಲ್ಲಿ. ಒಬ್ಬರು ನಾಲ್ಕಡಿ ಮಣ್ಣು ತುಂಬಿಸಿ ಪಾಗಾರ ಎತ್ತಿದರೆ ಅಷ್ಟು ನೀರು ಮಾಯವಾಗುವುದಿಲ್ಲ, ಪಕ್ಕದವರ ಅಂಗಳಕ್ಕೆ ಹೋಗುತ್ತದೆ. ಪಕ್ಕದವರೂ ಪಾಗಾರ ಎತ್ತುತ್ತಾರೆ. ಕೊನೆಗೆ ನೀರು ನುಗ್ಗುವುದು ಮಣ್ಣು ತುಂಬಿಸಲು ದುಡ್ಡಿಲ್ಲದವರ ಮನೆಗೆ.

ಇನ್ನು ಆ ‘ಪೊದೆ’. ಕಾಂಡ್ಲಾ ಉಪ್ಪುನೀರಿನಲ್ಲಿ ಬದುಕುವ ಸೋಜಿಗದ ಗಿಡ. ಕೆಲವಕ್ಕೆ ಕೊಡೆಯ ಕಡ್ಡಿಗಳಂತೆ ಸುತ್ತ ಇಳಿದ ಊರುಗೋಲು ಬೇರು. ಕೆಲವಕ್ಕೆ ಕೆಸರಿನಿಂದ ಪೆನ್ಸಿಲುಗಳಂತೆ ಮೇಲಕ್ಕೆ ಚುಚ್ಚಿಕೊಂಡು ಬರುವ ಉಸಿರುಬೇರು. ಕೆಸರಿನಲ್ಲಿ ಗಾಳಿಯಿಲ್ಲ, ಅದಕ್ಕೇ ಬೇರನ್ನೇ ಮೂಗು ಮಾಡಿಕೊಂಡಿವೆ! ಬೀಜ ಮರದಲ್ಲಿರುವಾಗಲೇ ಮೊಳೆತು, ಆಮೇಲೆ ಕೆಳಗೆ ಬಿದ್ದು ಕೆಸರಿನಲ್ಲಿ ನೆಟ್ಟುಕೊಳ್ಳುತ್ತದೆ ಇಲ್ಲವೇ ತೇಲಿಕೊಂಡು ಬೇರೆ ದಂಡೆ ಹುಡುಕುತ್ತದೆ. ಸಿಗಡಿ, ಏಡಿ ಮತ್ತು ಹಲವು ಮೀನುಗಳ ಮರಿಗಳು ದೊಡ್ಡ ಮೀನಿನ ಬಾಯಿಗೆ ಸಿಗದೆ ಬೆಳೆಯುವುದು ಈ ಬೇರುಗಳ ಸಂದಿಯಲ್ಲಿ. ಅಲೆಯ ಹೊಡೆತಕ್ಕೆ ದಂಡೆ ಕೊಚ್ಚಿಹೋಗದಂತೆ ಹಿಡಿಯುವುದೂ ಇವೇ. ಅದನ್ನು ಕಿತ್ತು ಕಲ್ಲಿನ ಗೋಡೆ ಕಟ್ಟುವುದೆಂದರೆ ಪುಕ್ಕಟೆ ಕಾವಲುಗಾರನನ್ನು ಓಡಿಸಿ ಸಂಬಳದವನನ್ನು ಇಟ್ಟುಕೊಂಡ ಹಾಗೆ.

ತಂಗಿಯ ಮಗ ಮುಂಗಡ ಕೊಟ್ಟಿರಲಿಲ್ಲ, ಒಳ್ಳೆಯದೇ ಆಯಿತು. ಈಗ ರಸ್ತೆಯ ಮೇಲ್ಬದಿಯಲ್ಲಿ ಹತ್ತು ಸೆಂಟ್ಸ್ ನೋಡಿದ್ದಾನೆ. ಮಹಡಿಯಿಂದ ಹೊಳೆ ಕಾಣುತ್ತದಂತೆ.

ಅವನಿಗಾಗಿ ಓದಿದ ನಿಯಮಗಳನ್ನು ನಿಮಗೂ ಹೇಳಿಬಿಡುತ್ತೇನೆ, ಸರ್ಕಾರಿ ಭಾಷೆಗೆ ಹೆದರಬೇಡಿ. 1991ರಲ್ಲಿ ಮೊದಲು ಬಂದ ಸಿಆರ್‌ಝಡ್ 2011ರಲ್ಲಿ, ಆಮೇಲೆ 2019ರಲ್ಲಿ ಹೊಸದಾಯಿತು. ಕಾಂಡ್ಲಾ, ಜೀವವಿರುವ ಕೆಸರು ಬಯಲು, ಮರಳ ದಿಬ್ಬ, ಆಮೆ ಮೊಟ್ಟೆಯಿಡುವ ತೀರ, ಹಕ್ಕಿ ಗೂಡುಕಟ್ಟುವ ಜಾಗ ಇವೆಲ್ಲ ಅತ್ಯಂತ ಬಿಗಿಯಾದ ಮೊದಲ ವರ್ಗ. ಕಾಂಡ್ಲಾ ಕಾಡು 1,000 ಚದರ ಮೀಟರಿಗಿಂತ ದೊಡ್ಡದಿದ್ದರೆ ಅದರ ಸುತ್ತ ಇನ್ನೂ 50 ಮೀಟರ್ ಬಿಡಬೇಕು. ಕಡಲಿಗಷ್ಟೇ ಅಲ್ಲ, ಭರತದ ನೀರು ಒಳಬರುವ ಹೊಳೆಗಳಿಗೂ ಈ ನಿಯಮ ಉಂಟು. ಎಲ್ಲಿಯವರೆಗೆ ಎಂದರೆ ಕಡುಬೇಸಗೆಯಲ್ಲಿ ಸಾವಿರ ಭಾಗ ನೀರಿನಲ್ಲಿ 5 ಭಾಗ ಉಪ್ಪು ಸಿಗುವವರೆಗೆ. ಕಡಲ ನೀರಿನಲ್ಲಿ ಸುಮಾರು 35 ಭಾಗ ಇರುತ್ತದೆ, ಹೋಲಿಸಿ ನೋಡಿ.

ಬಿಡಬೇಕಾದ ದೂರ ಮಾತ್ರ ಸವೆಯುತ್ತಾ ಬಂದಿದೆ. ಇಂಥ ಹೊಳೆಗಳ ದಂಡೆಯಲ್ಲಿ ಮೊದಲು 100 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ಎಂದಿತ್ತು. 2019ರಲ್ಲಿ ಆ 100 ಎಂಬುದು 50 ಆಯಿತು. ಕಡಲ ಬದಿಯ ಹಳ್ಳಿಗಳಲ್ಲಿ 200 ಮೀಟರ್ ಕಟ್ಟಡವಿಲ್ಲದ ವಲಯವಿತ್ತು. ಜನಸಾಂದ್ರತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚಿದ್ದಲ್ಲಿ ಈಗ ಅದೂ 50. ದಂಡೆಯಲ್ಲೇ ತಲೆಮಾರುಗಳಿಂದ ಬದುಕಿದ ಮೀನುಗಾರ ಕುಟುಂಬಗಳಿಗೆ ಮಾಡು ರಿಪೇರಿಗೂ ಕಷ್ಟವಿದ್ದದ್ದು ನಿಜ, ಆ ಸಡಿಲಿಕೆ ಅವರಿಗೆ ಸಿಕ್ಕಬೇಕಾದದ್ದೇ. ಆದರೆ ಅದೇ ಬಾಗಿಲಿನಿಂದ ರೆಸಾರ್ಟೂ ಒಳಗೆ ಬರುತ್ತದೆ ಎಂಬುದು ನನ್ನ ಚಿಂತೆ.

ಇನ್ನೊಂದು ತೂತು ನನಗೆ ಓದುವವರೆಗೆ ಗೊತ್ತೇ ಇರಲಿಲ್ಲ. ಜೌಗು ಪ್ರದೇಶಗಳಿಗೆಂದೇ 2017ರ ನಿಯಮಗಳಿವೆ. ಅತಿಕ್ರಮಣ ಕೂಡದು, ಹತ್ತು ವರ್ಷಗಳ ಸರಾಸರಿ ನೆರೆಮಟ್ಟದಿಂದ 50 ಮೀಟರ್ ಒಳಗೆ ಶಾಶ್ವತ ಕಟ್ಟಡ ಕೂಡದು ಎನ್ನುತ್ತವೆ. ಆದರೆ ಸಿಆರ್‌ಝಡ್ ಒಳಗಿನ ಜೌಗಿಗೆ ಅವು ಅನ್ವಯಿಸುವುದಿಲ್ಲ! ಕುಮಟಾ ಕಡೆಯ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದಾಗ ನಾವೆಲ್ಲ ಸಂತೋಷಪಟ್ಟೆವು. 4,801 ಹೆಕ್ಟೇರ್, ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು, ನೀರಿಗಿಳಿದು ಚಿಪ್ಪಿ ಆರಿಸಿ ಬದುಕುವ ಸಾವಿರಾರು ಜನ. ಗೌರವ ಸಿಕ್ಕಿದೆ, ಸರಿ. ಆದರೆ ಅಲ್ಲಿಯೂ ಅಳಿವೆಯಂಚಿನ ಕಟ್ಟಡಕ್ಕೆ ಹೌದು ಅಲ್ಲ ಎನ್ನುವುದು ಮುಖ್ಯವಾಗಿ ಸಿಆರ್‌ಝಡ್ಡೇ.

ಆ ಸಿಆರ್‌ಝಡ್ ಕೊನೆಗೆ ಯಾರ ಮೇಜಿಗೆ ಬರುತ್ತದೆ ಗೊತ್ತೇ? ದೊಡ್ಡ ಯೋಜನೆಗಳು ರಾಜ್ಯದ ಪ್ರಾಧಿಕಾರಕ್ಕೆ, ಇನ್ನೂ ಮೇಲಕ್ಕೆ ಹೋಗುತ್ತವೆ. ಸ್ವಂತ ವಾಸದ, 300 ಚದರ ಮೀಟರ್ ವರೆಗಿನ ಮನೆಗೆ ಮಾತ್ರ 2019ರ ಅಧಿಸೂಚನೆಯಂತೆ ಪ್ರಾಧಿಕಾರದ ಶಿಫಾರಸು ಬೇಡ, ಸ್ಥಳೀಯ ಸಂಸ್ಥೆಯೇ ಒಪ್ಪಿಗೆ ಕೊಡಬಹುದು. ಕೊಡುವ ಮೊದಲು ಸಿಆರ್‌ಝಡ್ ನಿಯಮಕ್ಕೆ ಹೊಂದುತ್ತದೆಯೇ ಎಂದು ಪರಿಶೀಲಿಸಲೇಬೇಕು ಎಂದೂ ಅಲ್ಲೇ ಬರೆದಿದೆ. 300 ಚದರ ಮೀಟರ್ ಎಂದರೆ 3,200 ಚದರ ಅಡಿಗೂ ಹೆಚ್ಚು. ನಮ್ಮ ಕಡೆ ಅದು ಚಿಕ್ಕ ಮನೆಯೇನಲ್ಲ. ಅಂದರೆ ಹೊಳೆಯಂಚಿನ ಒಂದೊಂದೇ ಮನೆಯ ವಿಷಯದಲ್ಲಿ ಕಾವಲು ಕೂತಿರುವುದು ದಿಲ್ಲಿಯಲ್ಲ, ನಮ್ಮ ಪಂಚಾಯತಿ ಕಚೇರಿ. ಅಲ್ಲಿನ ಸಿಬ್ಬಂದಿಗೆ ದಿನಕ್ಕೆ ನೂರೆಂಟು ಕೆಲಸ. ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆ ಬಿಡಿಸಿ ಸರ್ವೆ ನಂಬರು ಹುಡುಕಲು ಅವರಿಗೆ ಯಾರಾದರೂ ನೆನಪಿಸಬೇಕು. ಮನೆ ಕಟ್ಟುವವರೇ ಕೇಳಿದರೆ ಇನ್ನೂ ಒಳ್ಳೆಯದು. ಮರಡುವಿನಲ್ಲಿ ಕೊನೆಗೆ ಪೆಟ್ಟು ಬಿದ್ದದ್ದು ಯಾರಿಗೆಂದು ನೋಡಿದಿರಲ್ಲ.

ನಕ್ಷೆಯ ಮೇಲೆ ಉಬ್ಬರದ ಗೆರೆ ಎಳೆಯುವುದು ಚೆನ್ನೈಯಲ್ಲಿರುವ ರಾಷ್ಟ್ರೀಯ ಸುಸ್ಥಿರ ಕರಾವಳಿ ನಿರ್ವಹಣಾ ಕೇಂದ್ರ. ಕಾನೂನಿಗೆ ಆ ಗೆರೆಯೇ ಗೆರೆ. ಹಾಗೆಂದು ನಾವು ನಮ್ಮದೊಂದನ್ನು ಎಳೆಯಬಾರದು ಎಂದೇನಿಲ್ಲವಲ್ಲ. ನಮ್ಮ ಬೀದಿಯ ಏಳೆಂಟು ಮಕ್ಕಳು ದೋಣಿ ಕಟ್ಟುವ ಕಲ್ಲುಕಂಬದ ಮೇಲೆ ಪ್ರತಿ ಹುಣ್ಣಿಮೆ, ಅಮಾವಾಸ್ಯೆಗೆ ನೀರು ಮುಟ್ಟಿದ ಎತ್ತರಕ್ಕೆ ಬಿಳಿ ಬಣ್ಣದ ಗೀಟು ಹಾಕಿ ತಾರೀಕು ಬರೆಯುತ್ತಿದ್ದಾರೆ. ಹಗಲಿನ ಭರತ ಮಾತ್ರ, ದೊಡ್ಡವರೊಬ್ಬರು ಜೊತೆಗಿದ್ದಾಗ ಮಾತ್ರ, ಅದು ನನ್ನ ಷರತ್ತು. ಈವರೆಗೆ ಹನ್ನೊಂದು ಗೀಟುಗಳಾಗಿವೆ. ಎಲ್ಲಕ್ಕಿಂತ ಮೇಲಿನದು ಆಸಾಡಿ ಅಮಾಸೆಯದು, ನನ್ನ ಸೊಂಟಕ್ಕೆ ಬರುತ್ತದೆ. ಮುಂದಿನ ಗ್ರಾಮಸಭೆಗೆ ಮಕ್ಕಳು ಅದರ ಫೋಟೋ ಹಿಡಿದುಕೊಂಡು ಬರುತ್ತಾರಂತೆ. ಮಾತಾಡುವವರು ಯಾರೆಂದು ಇನ್ನೂ ಜಗಳ ಮುಗಿದಿಲ್ಲ.