ಮೋಟಾರು ಕಾರಿನ ಶೈತ್ಯಯಂತ್ರ: ಕ್ಲಚ್ಚು ಕಚ್ಚಿಕೊಳ್ಳದಿರುವುದಕ್ಕೆ ಕಾರಣವಿಚಾರ

ಕಳೆದ ಬೇಸಗೆಯಲ್ಲಿ ನಾವು ನಾಲ್ವರು ಮೈಸೂರಿನಿಂದ ಹಂಗಳಕ್ಕೆ ಹೋಗಬೇಕಾಗಿ ಬಂದಿತು. ನಮ್ಮೊಡನೆ ವಿಭಾಗದ ನಿವೃತ್ತ ಗುರುಗಳೊಬ್ಬರಿದ್ದರು. ಹೃದ್ರೋಗದಿಂದ ಚೇತರಿಸಿಕೊಳ್ಳುತ್ತಿದ್ದ ಅವರನ್ನು ಬಿಸಿಲಿಗೆ ಒಡ್ಡಬಾರದೆಂದು ವೈದ್ಯರು ಎಚ್ಚರಿಸಿದ್ದುದರಿಂದ ತಣ್ಣನೆಯ ಗಾಳಿಯ ಏರ್ಪಾಡುಳ್ಳ ಕಾರನ್ನೇ ಆರಿಸಿಕೊಂಡೆವು. ನಂಜನಗೂಡು, ಬೇಗೂರುಗಳನ್ನು ದಾಟುವವರೆಗೆ ಯಾವ ಕೊರತೆಯೂ ಕಾಣಲಿಲ್ಲ. ಗುಂಡ್ಲುಪೇಟೆಯ ಪೇಟೆಬೀದಿಯಲ್ಲಿ ಲಾರಿಗಳ ನಡುವೆ ಸಿಕ್ಕಿ ಕಾಲು ಗಂಟೆ ನಿಂತಮೇಲೆ ಕಿಂಡಿಗಳಿಂದ ಬಿಸಿಗಾಳಿ ಬರತೊಡಗಿತು. ಹಂಗಳವನ್ನು ತಲಪುವ ವೇಳೆಗೆ ಗುರುಗಳ ಮುಖ ಬಾಡಿತ್ತು. ಹೊಂಗೆಯ ನೆರಳಿನಲ್ಲಿ ಕಾರನ್ನು ನಿಲ್ಲಿಸಿ, ಅವರಿಗೆ ನೀರು ಕೊಟ್ಟು, ಮುಂಭಾಗದ ಮುಚ್ಚಳವನ್ನೆತ್ತಿ ನೋಡಿದೆವು. ಕಂಪ್ರೆಸರಿನ ರಾಟೆ ಬೆಲ್ಟಿನೊಡನೆ ತಿರುಗುತ್ತಿತ್ತು. ರಾಟೆಯ ಮುಂದಿರುವ ತಟ್ಟೆ ಮಾತ್ರ ಅಲುಗದೆ ನಿಂತಿತ್ತು. ಎಂಜಿನನ್ನು ಆರಿಸಿ, ಚಹ ಕುಡಿದು, ಮುಕ್ಕಾಲು ಗಂಟೆಯ ಮೇಲೆ ಮತ್ತೆ ಚಾಲೂ ಮಾಡಿದಾಗ ತಟ್ಟೆ 'ಟಕ್' ಎಂದು ಕಚ್ಚಿಕೊಂಡಿತು; ತಣ್ಣನೆಯ ಗಾಳಿಯೂ ಬಂದಿತು. ಹದಿನೈದು ನಿಮಿಷಗಳಲ್ಲಿ ಮತ್ತೆ ಯಥಾಸ್ಥಿತಿ.

ಅಂದು ನಾವು ಮುಂದಕ್ಕೆ ಹೋಗಲಿಲ್ಲ. ಹಂಗಳದ ಆಚೆ ಮೇಲುಕಾಮನಹಳ್ಳಿಯ ತಪಾಸಣೆಯ ಠಾಣೆಯನ್ನು ದಾಟಿದರೆ ಬಂಡೀಪುರದ ಕಾಡು; ಅಲ್ಲಿ ವಾಹನವನ್ನು ನಿಲ್ಲಿಸುವುದಾಗಲಿ ಇಳಿಯುವುದಾಗಲಿ ನಿಷಿದ್ಧ. ಆನೆಗಳು ರಸ್ತೆಯ ಬದಿಗೆ ಬರುವ ಆ ದಾರಿಯಲ್ಲಿ ಗಾಜುಗಳನ್ನು ಇಳಿಸಿಕೊಂಡು ಹೋಗುವುದೂ ವಿವೇಕವಲ್ಲ. ಮೈಸೂರಿಗೆ ಹಿಂದಿರುಗಿ ಒಂದು ಕಾರ್ಯಾಗಾರದಲ್ಲಿ ತೋರಿಸಿದಾಗ, ಯಾವ ಅಳತೆಯನ್ನೂ ತೆಗೆದುಕೊಳ್ಳದೆ, ಕಂಪ್ರೆಸರನ್ನೇ ಬದಲಾಯಿಸಬೇಕೆಂದರು. ಇಪ್ಪತ್ತು ಸಾವಿರ ರೂಪಾಯಿಗಳಿಗೆ ಕಡಮೆಯಿಲ್ಲದ ಲೆಕ್ಕವನ್ನೂ ಬರೆದುಕೊಟ್ಟರು. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಇದು ಸಮಾಧಾನ ತರಲಿಲ್ಲ. ಕೆಟ್ಟುಹೋದ ಕಂಪ್ರೆಸರು ನೆರಳಿನಲ್ಲಿ ಚಹ ಕುಡಿಯುವಷ್ಟರಲ್ಲಿ ವಾಸಿಯಾಗುವುದೆಂತು? ಈ ಪ್ರಶ್ನೆಯ ಬೆನ್ನುಹತ್ತಿ ನಾವು ನಡೆಸಿದ ವಿಚಾರಣೆಯನ್ನು ಅಧ್ಯಾಪಕ ಮಿತ್ರರಿಗೂ ವಿದ್ಯಾರ್ಥಿಗಳಿಗೂ ಉಪಯೋಗವಾದೀತೆಂದು ಇಲ್ಲಿ ನಿವೇದಿಸುತ್ತೇವೆ.

ಮೊದಲು ಈ ಕ್ಲಚ್ಚಿನ ಅವಶ್ಯಕತೆಯೇನೆಂಬುದನ್ನು ತಿಳಿಯಬೇಕು. ಅಮೆರಿಕದ ಪ್ಯಾಕಾರ್ಡ್ ಸಂಸ್ಥೆಯವರು ೧೯೪೦ರ ಮಾದರಿಯ ಕಾರುಗಳಲ್ಲಿ ಶೈತ್ಯಯಂತ್ರವನ್ನು ಅಳವಡಿಸಿದಾಗ ಅದಕ್ಕೆ ಕ್ಲಚ್ಚೇ ಇರಲಿಲ್ಲ. ಎಂಜಿನು ತಿರುಗುವಷ್ಟು ಹೊತ್ತೂ ಕಂಪ್ರೆಸರು ತಿರುಗುತ್ತಿತ್ತು. ಚಳಿಗಾಲದಲ್ಲಿ ಅದನ್ನು ನಿಲ್ಲಿಸಬೇಕಾದರೆ ಎಂಜಿನನ್ನು ಆರಿಸಿ, ಮುಚ್ಚಳವನ್ನೆತ್ತಿ, ಬೆಲ್ಟನ್ನೇ ಕಳಚಿಡಬೇಕಾಗಿತ್ತು. ಈ ತೊಡಕನ್ನು ನಿವಾರಿಸಿದ್ದು ವಿದ್ಯುತ್ಕಾಂತದ ಕ್ಲಚ್ಚು. ರಾಟೆಯು ಬೇರಿಂಗಿನ ಮೇಲೆ ಸದಾ ಬರಿದೆ ತಿರುಗುತ್ತಿರುತ್ತದೆ. ಕಂಪ್ರೆಸರಿನ ಅಚ್ಚಿಗೆ ಒಂದು ಉಕ್ಕಿನ ತಟ್ಟೆಯನ್ನು ಮಣಿಯುವ ಪಟ್ಟಿಗಳಿಂದ ಕೂಡಿಸಿರುತ್ತಾರೆ. ರಾಟೆಯ ಹಿಂದೆ ತಾಮ್ರದ ತಂತಿಯ ಸುರುಳಿಯುಂಟು. ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ತಟ್ಟೆ ರಾಟೆಯ ಮುಖಕ್ಕೆ ಸೆಳೆಯಲ್ಪಟ್ಟು ಅದರೊಡನೆ ತಿರುಗುತ್ತದೆ. ವಿದ್ಯುತ್ತು ನಿಂತಾಗ ಪಟ್ಟಿಗಳು ತಟ್ಟೆಯನ್ನು ಹಿಂದಕ್ಕೆಳೆಯುತ್ತವೆ. ಇವೆರಡರ ನಡುವೆ ಬಿಡುವಿನ ವೇಳೆಯಲ್ಲಿ ಇರಬೇಕಾದ ಸಂದು, ಬಹುತೇಕ ಕಾರುಗಳಲ್ಲಿ, ಅರ್ಧ ಮಿಲಿಮೀಟರಿನ ಆಸುಪಾಸು ಮಾತ್ರ. ಈಚಿನ ಕೆಲವು ಕಾರುಗಳಲ್ಲಿ ಕಂಪ್ರೆಸರಿನ ಒಳಗಿನ ಪಿಸ್ಟನುಗಳ ಓಟವನ್ನೇ ಹೆಚ್ಚುಕಡಮೆ ಮಾಡುವ ಏರ್ಪಾಡಿದ್ದು ಕ್ಲಚ್ಚು ಇರುವುದೇ ಇಲ್ಲ. ಅಂಥವುಗಳಿಗೆ ಪ್ರಕೃತ ಲೇಖನ ಅನ್ವಯಿಸದು.

ಕ್ಲಚ್ಚು ಕಚ್ಚಿಕೊಳ್ಳದಿದ್ದರೆ ವಿಚಾರಿಸಬೇಕಾದ ಪ್ರಶ್ನೆ ಒಂದೇ: ಸುರುಳಿಗೆ ವಿದ್ಯುತ್ತು ಬರುತ್ತಿದೆಯೆ, ಇಲ್ಲವೆ? ಬರುತ್ತಿಲ್ಲವಾದರೆ ದೋಷ ಹಿಂದಿನ ದಾರಿಯಲ್ಲಿದೆ. ಬರುತ್ತಿದ್ದರೆ ದೋಷ ಕ್ಲಚ್ಚಿನಲ್ಲಿಯೇ ಇದೆ. ಇದನ್ನು ನಿರ್ಣಯಿಸದೆ ಕೈಹಾಕುವ ಯಾವ ರಿಪೇರಿಯೂ ಕುರುಡು ರಿಪೇರಿಯೇ ಸರಿ.

ವಿದ್ಯುತ್ತು ಬಾರದಿರುವ ಸಂದರ್ಭವನ್ನು ಮೊದಲು ನೋಡೋಣ. ಫ್ಯೂಸು ಸುಟ್ಟಿರಬಹುದು, ರಿಲೇ ಕೆಟ್ಟಿರಬಹುದು. ರಿಲೇಯನ್ನು ಪರೀಕ್ಷಿಸಲು ಅದೇ ಪೆಟ್ಟಿಗೆಯಲ್ಲಿರುವ ಅದೇ ಮಾದರಿಯ ಇನ್ನೊಂದನ್ನು, ಸಾಮಾನ್ಯವಾಗಿ ಹಾರ್ನಿನದನ್ನು, ಅದರ ಜಾಗಕ್ಕೆ ಹಾಕಿ ನೋಡಿದರೆ ಸಾಕು. ಇವೆರಡೂ ಸರಿಯಾಗಿದ್ದರೆ, ಯಾವುದೋ ಕಾವಲುಗಾರನು ಬೇಕೆಂದೇ ಪ್ರವಾಹವನ್ನು ತಡೆದಿದ್ದಾನೆಂದು ಊಹಿಸತಕ್ಕದ್ದು. ಶೈತ್ಯಕವು ಸೋರಿಹೋಗಿ ಒತ್ತಡ ಸುಮಾರು ೨ ಬಾರಿಗಿಂತ ಕೆಳಗಿಳಿದರೆ ಒತ್ತಡದ ಸ್ವಿಚ್ಚು ತೆರೆದುಕೊಳ್ಳುತ್ತದೆ. ಒತ್ತಡ ಸುಮಾರು ೩೦ ಬಾರಿಗೆ ಏರಿದರೂ, ಅಂದರೆ ಮುಂದಿನ ಬೀಸಣಿಗೆ ನಿಂತುಹೋಗಿದ್ದರೆ, ಹಾಗೆಯೇ. ಎಂಜಿನು ಅತಿಯಾಗಿ ಕಾದರೆ, ಒಳಗಿನ ತಂಪುಸುರುಳಿಯ ಮೇಲೆ ಹಿಮ ಕಟ್ಟುವಂತಾದರೆ, ಚಾಲಕನು ಏರಿನಲ್ಲಿ ಆಕ್ಸಲರೇಟರನ್ನು ಪೂರ್ತಿ ಒತ್ತಿದರೆ, ಆಗಲೂ ಕಾರಿನ ನಿಯಂತ್ರಕವು ಕ್ಲಚ್ಚನ್ನು ಬಿಡಿಸುತ್ತದೆ. ಮಸಿನಗುಡಿಯಿಂದ ಉದಕಮಂಡಲಕ್ಕೆ ಹತ್ತುವ ಕಲ್ಲಟ್ಟಿಯ ಮೂವತ್ತಾರು ತಿರುವುಗಳಲ್ಲಿ ತಂಪು ಆಗಾಗ ಕೆಲವು ಕ್ಷಣ ನಿಂತರೆ ಅದು ರೋಗವಲ್ಲ. ಜನವರಿಯ ಬೆಳಗಿನ ಜಾವ ಉದಕಮಂಡಲದ ಚಳಿಯಲ್ಲಿ ಗುಂಡಿಯನ್ನೊತ್ತಿ, ಕ್ಲಚ್ಚು ಕೆಟ್ಟಿತೆಂದು ಕಳವಳಪಡುವವರಿಗೂ ಇದೇ ಉತ್ತರ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ನಿಂತ ಕಾರಿಗೆ ಮಾಪಕವನ್ನು ಹಚ್ಚಿ "ಒತ್ತಡ ಸರಿಯಾಗಿದೆ, ಗ್ಯಾಸು ತುಂಬಿದೆ" ಎನ್ನುವುದುಂಟು. ಇದು ಅರ್ಧಸತ್ಯ. ಮುಚ್ಚಿದ ಪಾತ್ರೆಯಲ್ಲಿ ದ್ರವವೂ ಅದರ ಬಾಷ್ಪವೂ ಒಟ್ಟಿಗೆ ಇರುವವರೆಗೆ ಒತ್ತಡವು ಉಷ್ಣತೆಯನ್ನು ಮಾತ್ರ ಅವಲಂಬಿಸಿರುತ್ತದೆ, ದ್ರವದ ಪ್ರಮಾಣವನ್ನಲ್ಲ. ಈಗ ಬಳಕೆಯಲ್ಲಿರುವ ಆರ್-೧೩೪ಎ ಎಂಬ ಶೈತ್ಯಕದ ಸಂತೃಪ್ತ ಬಾಷ್ಪದ ಒತ್ತಡ ೨೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ೫.೭ ಬಾರ್, ೩೦ರಲ್ಲಿ ೭.೭, ೪೦ರಲ್ಲಿ ೧೦.೨. ಇವು ನಿರಪೇಕ್ಷ ಒತ್ತಡಗಳು. ಮಾಪಕವು ವಾಯುಭಾರವನ್ನು ಕಳೆದು ತೋರಿಸುತ್ತದೆ. ಗುಂಡ್ಲುಪೇಟೆಯ ಸೀಮೆ ಸಮುದ್ರಮಟ್ಟದಿಂದ ಸುಮಾರು ೮೦೦ ಮೀಟರು ಎತ್ತರದಲ್ಲಿರುವುದರಿಂದ ಅಲ್ಲಿ ಮುಳ್ಳು ಮಂಗಳೂರಿಗಿಂತ ೦.೧ ಬಾರಿನಷ್ಟು ಹೆಚ್ಚನ್ನು ತೋರಿಸೀತು. ಇದು ತರಗತಿಯಲ್ಲಿ ಹೇಳಲು ಚೆನ್ನ, ರಿಪೇರಿಗೆ ಲೆಕ್ಕಕ್ಕಿಲ್ಲ. ಮುಖ್ಯವಾದ ಮಾತೇನೆಂದರೆ, ಶೈತ್ಯಕದ ಅರ್ಧ ಸೋರಿಹೋಗಿದ್ದರೂ ಒಂದಿಷ್ಟು ದ್ರವ ಉಳಿದಿದ್ದರೆ ಮುಳ್ಳು ಅಲ್ಲೇ ನಿಂತಿರುತ್ತದೆ. ಆದುದರಿಂದ ನಿಂತ ಕಾರಿನ ಒತ್ತಡವು ಕ್ಲಚ್ಚಿಗೆ ಅಪ್ಪಣೆ ದೊರೆಯುವುದೇ ಎಂಬುದನ್ನು ತಿಳಿಸೀತೇ ಹೊರತು ಗ್ಯಾಸಿನ ಅಳತೆಯನ್ನಲ್ಲ. ತೂಕ ಮಾಡಿ ತುಂಬುವುದೊಂದೇ ಸರಿಯಾದ ಮಾರ್ಗ.

ಕೆಲವರು ಒತ್ತಡದ ಸ್ವಿಚ್ಚಿನ ಎರಡು ಕೊನೆಗಳನ್ನು ತಂತಿಯಿಂದ ಬೆಸೆದು ಕ್ಲಚ್ಚನ್ನು ಬಲವಂತವಾಗಿ ಓಡಿಸುತ್ತಾರೆ. ಇದು ಅಪಾಯಕರ. ಕಂಪ್ರೆಸರಿಗೆ ಬೇಕಾದ ಎಣ್ಣೆಯು ಶೈತ್ಯಕದೊಡನೆಯೇ ಸುತ್ತಿ ಬರತಕ್ಕದ್ದು. ಶೈತ್ಯಕವಿಲ್ಲದೆ ಓಡಿಸಿದರೆ ಎಣ್ಣೆ ಹಿಂದಿರುಗದೆ ಲೋಹ ಲೋಹವನ್ನು ತೇಯುತ್ತದೆ. ಕಂಪ್ರೆಸರು ಬಿಗಿದು ನಿಲ್ಲುತ್ತದೆ. ಅನೇಕ ಕಾರುಗಳಲ್ಲಿ ಅದೇ ಬೆಲ್ಟು ಡೈನಮೋವನ್ನೂ ನೀರಿನ ಪಂಪನ್ನೂ ತಿರುಗಿಸುವುದರಿಂದ, ಬೆಲ್ಟು ಹರಿದರೆ ತಂಪಿನೊಡನೆ ಕಾರೂ ನಿಂತಿತೆಂದೇ ತಿಳಿಯಬೇಕು. ರಾತ್ರಿ ೯ರಿಂದ ಬೆಳಗಿನ ೬ರವರೆಗೆ ಸಂಚಾರ ನಿಷೇಧವಿರುವ ಬಂಡೀಪುರದ ದಾರಿಯಲ್ಲಿ, ಸಂಜೆಯ ಹೊತ್ತು, ಇಂಥ ಪ್ರಸಂಗ ಯಾರಿಗೂ ಬೇಡ. ಕೊಳವೆಯನ್ನು ಸಡಿಲಿಸಿ 'ಗ್ಯಾಸಿದೆಯೇ' ಎಂದು ನೋಡುವುದೂ ಸಲ್ಲದು. ಹೊರಚಿಮ್ಮುವ ದ್ರವವು ಸೊನ್ನೆಗಿಂತ ೨೬ ಡಿಗ್ರಿ ಕೆಳಗೆ ಕುದಿಯುವಂಥದಾದ್ದರಿಂದ ಚರ್ಮವೂ ಕಣ್ಣೂ ಹೆಪ್ಪುಗಟ್ಟಿಯಾವು. ವಾತಾವರಣವನ್ನು ಕಾಯಿಸುವುದರಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು.

ಇನ್ನು ನಮ್ಮ ಕಾರಿನ ವಿಷಯ. ಫ್ಯೂಸು, ರಿಲೇ, ಒತ್ತಡ ಮೂರೂ ಸರಿಯಾಗಿದ್ದುವು. ಸುರುಳಿಯ ತಂತಿಯನ್ನು ಬಿಡಿಸಿ ಮಾಪಕವನ್ನು ಹಚ್ಚಿದಾಗ, ಎಂಜಿನು ಓಡುತ್ತಿರುವಾಗ, ಬ್ಯಾಟರಿಯಲ್ಲಿದ್ದ ೧೪.೦ ವೋಲ್ಟೇ ಅಲ್ಲಿಯೂ ಕಂಡಿತು. ವಿದ್ಯಾರ್ಥಿಗಳು ಇಲ್ಲಿ ಮೋಸಹೋಗುವ ಸಂಭವ ಬಹಳ. ಪ್ರವಾಹವೇ ಹರಿಯದ ದಾರಿಯಲ್ಲಿ ಎಷ್ಟೇ ಕೆಟ್ಟ ಸಂಪರ್ಕವಿದ್ದರೂ ವೋಲ್ಟು ಇಳಿಯುವುದಿಲ್ಲ. ತಂತಿಯನ್ನು ಮತ್ತೆ ಜೋಡಿಸಿ, ಹೊರೆಯಿರುವಾಗ ಅಳೆದಾಗ ೧೩.೨ ವೋಲ್ಟು ಬಂದಿತು. ಉಳಿದ ೦.೮ ವೋಲ್ಟು ದಾರಿಯಲ್ಲೆಲ್ಲೋ ಪೋಲಾಗುತ್ತಿತ್ತು; ಆದರೆ ಕ್ಲಚ್ಚನ್ನು ನಿಲ್ಲಿಸುವಷ್ಟು ಅದು ದೊಡ್ಡದಲ್ಲ. ಅಂತೂ ವಿದ್ಯುತ್ತು ಬರುತ್ತಿದೆ, ತಟ್ಟೆ ಮಾತ್ರ ಬರುತ್ತಿಲ್ಲ ಎಂಬುದು ನಿಶ್ಚಯವಾಯಿತು.

ಹಂಗಳದ ನೆರಳು ಕೊಟ್ಟ ಸುಳಿವು ಆಗ ನೆನಪಿಗೆ ಬಂದಿತು. ಬೆಳಿಗ್ಗೆ ೨೬ ಡಿಗ್ರಿಯಲ್ಲಿ ಸುರುಳಿಯ ರೋಧವನ್ನು ಅಳೆದೆವು: ೩.೭ ಓಮ್. ಮಧ್ಯಾಹ್ನ ಒಂದು ಗಂಟೆ ಓಡಿಸಿ, ಕ್ಲಚ್ಚು ಕೈಕೊಟ್ಟ ಕೂಡಲೆ ಎಂಜಿನನ್ನು ಆರಿಸಿ ಅಳೆದಾಗ ೪.೬ ಓಮ್. ತಾಮ್ರದ ರೋಧವು ಪ್ರತಿ ಡಿಗ್ರಿಗೂ ಶೇಕಡ ೦.೩೯ರಷ್ಟು ಏರುತ್ತದೆಂಬುದು ಪ್ರಾಥಮಿಕ ಪಾಠ. ಶೇಕಡ ೨೪ರಷ್ಟು ಏರಿದೆಯಾದರೆ ಸುರುಳಿಯ ಉಷ್ಣತೆ ೯೦ ಡಿಗ್ರಿಗೆ ಸಮೀಪಿಸಿರಬೇಕು. ಸುರುಳಿಯೇ ತನ್ನ ಥರ್ಮಾಮೀಟರಾಯಿತು. ಪ್ರವಾಹವು ೩.೬ ಆಂಪಿಯರಿನಿಂದ ೨.೯ಕ್ಕೆ ಇಳಿಯಿತು, ಸೆಳೆತವು ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ ಅದು ಶೇಕಡ ೬೫ಕ್ಕೆ ಕುಸಿಯಿತು.

ಇಷ್ಟೇ ಆಗಿದ್ದರೆ ಕ್ಲಚ್ಚು ತಡೆದುಕೊಳ್ಳುತ್ತಿತ್ತು. ಬಿಸಿಯನ್ನು ಗಣನೆಗೆ ತಂದುಕೊಂಡೇ ಅದನ್ನು ನಿರ್ಮಿಸಿರುತ್ತಾರೆ. ಫೀಲರ್ ಗೇಜಿನ ಎಲೆಗಳನ್ನು ಸಂದಿನಲ್ಲಿ ತೂರಿಸಿದಾಗ ನಿಜವಾದ ಅಪರಾಧಿ ಸಿಕ್ಕಿತು. ಅರ್ಧ ಮಿಲಿಮೀಟರಿರಬೇಕಾದ ಸಂದು ವರ್ಷಗಳ ಸವೆತದಿಂದ ೦.೯ ಮಿಲಿಮೀಟರಾಗಿತ್ತು. ಕಬ್ಬಿಣದಲ್ಲಿ ಕಾಂತರೇಖೆಗಳು ಸುಲಭವಾಗಿ ಸಾಗುತ್ತವೆ. ಗಾಳಿಯ ಸಂದೇ ಅವಕ್ಕೆ ಅಡ್ಡಿ. ಸ್ಥೂಲವಾಗಿ ಹೇಳುವುದಾದರೆ ಸೆಳೆತವು ಸಂದಿನ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ: ೦.೫ರಿಂದ ೦.೯ಕ್ಕೆ ಬಂದಾಗ ಶೇಕಡ ೩೧. ಇದನ್ನು ಬಿಸಿಯಿಂದಾದ ಶೇಕಡ ೬೫ರೊಡನೆ ಗುಣಿಸಿದರೆ ಉಳಿಯುವುದು ಐದರಲ್ಲೊಂದು ಪಾಲು. ತಟ್ಟೆಯನ್ನು ಹಿಂದಕ್ಕೆಳೆಯುವ ಪಟ್ಟಿಗಳ ಬಲವನ್ನು ಅದು ಮೀರಲಾರದೆ ಹೋಯಿತು.

ಬೆಳಿಗ್ಗೆ ಏಕೆ ಕಚ್ಚುತ್ತಿತ್ತು, ಗುಂಡ್ಲುಪೇಟೆಯವರೆಗೆ ಏಕೆ ಬಿಡಲಿಲ್ಲ ಎಂಬುದೂ ಇದರಿಂದಲೇ ತಿಳಿಯುತ್ತದೆ. ತಟ್ಟೆ ಒಮ್ಮೆ ರಾಟೆಗೆ ಅಂಟಿದರೆ ಸಂದು ಹೆಚ್ಚುಕಡಮೆ ಮಾಯವಾಗುವುದರಿಂದ ಹಿಡಿದಿಟ್ಟುಕೊಳ್ಳಲು ಅಲ್ಪ ಪ್ರವಾಹವೂ ಸಾಕು. ಕಷ್ಟವಿರುವುದು ಮತ್ತೆ ಸೆಳೆದುಕೊಳ್ಳುವುದರಲ್ಲಿ. ಪೇಟೆಬೀದಿಯಲ್ಲಿ ಗಾಳಿಯಾಡದೆ ನಿಂತಾಗ ಸುರುಳಿ ಕಾದಿತ್ತು. ನಿಯಂತ್ರಕವು ಎಂದಿನಂತೆ ಕ್ಲಚ್ಚನ್ನು ಒಮ್ಮೆ ಬಿಡಿಸಿತು. ಅನಂತರ ಹಿಡಿಯಲು ಶಕ್ತಿಯಿರಲಿಲ್ಲ. ಹೊಂಗೆಯ ನೆರಳಿನಲ್ಲಿ ಸುರುಳಿ ತಣಿದ ಮೇಲೆ ಶಕ್ತಿ ಬಂದಿತು.

ಊಹೆಯನ್ನು ಪರೀಕ್ಷಿಸುವ ಕ್ರಮ ಸರಳ. ಎಂಜಿನನ್ನು ಆರಿಸಿರಬೇಕು, ಇದರಲ್ಲಿ ರಿಯಾಯಿತಿಯಿಲ್ಲ. ತಿರುಗುವ ಬೆಲ್ಟಿನ ಬಳಿ ಅಂಗಿಯ ತೋಳು, ಸೆರಗು, ಹೆಗಲಮೇಲಿನ ಟವಲು ಯಾವುದೂ ಸುಳಿಯಕೂಡದು. ಬ್ಯಾಟರಿಯಿಂದ ಫ್ಯೂಸಿನ ಮೂಲಕ ನೇರವಾಗಿ ಬಿಸಿ ಸುರುಳಿಗೆ ವಿದ್ಯುತ್ತನ್ನು ಕೊಟ್ಟೆವು. ತಟ್ಟೆ ಅಲುಗಲಿಲ್ಲ. ಒಣಗಿದ ಮರದ ಕಡ್ಡಿಯಿಂದ ತಟ್ಟೆಯನ್ನು ಮೆಲ್ಲನೆ ಒಳಕ್ಕೆ ಒತ್ತಿದೆವು, 'ಟಕ್' ಎಂದಿತು, ಕಡ್ಡಿಯನ್ನು ತೆಗೆದರೂ ಅಂಟಿಕೊಂಡೇ ಇತ್ತು. ಸುರುಳಿ ನಿರ್ದೋಷಿಯೆಂಬುದಕ್ಕೂ ಸಂದೇ ದೋಷಿಯೆಂಬುದಕ್ಕೂ ಬೇರೆ ಸಾಕ್ಷ್ಯ ಬೇಕಾಗಲಿಲ್ಲ. ತಟ್ಟೆಯನ್ನು ಕೈಯಿಂದ ತಿರುಗಿಸಿದಾಗ ಕಂಪ್ರೆಸರಿನ ಅಚ್ಚು ಸರಾಗವಾಗಿ ತಿರುಗಿತು. ಅದು ಬಿಗಿದಿದ್ದರೆ ನಾವು ಕಾರ್ಯಾಗಾರದವರ ಮಾತನ್ನು ಒಪ್ಪಬೇಕಾಗುತ್ತಿತ್ತು.

ತಟ್ಟೆಯ ನಡುವಿನ ಬೋಲ್ಟನ್ನು ಬಿಚ್ಚಿದರೆ ಒಳಗೆ ತೆಳುವಾದ ಷಿಮ್ ಬಿಲ್ಲೆಗಳಿರುತ್ತವೆ. ಸಂದಿನ ಅಗಲವನ್ನು ನಿರ್ಧರಿಸುವುವು ಇವೇ. ೦.೪ ಮಿಲಿಮೀಟರು ದಪ್ಪದ ಒಂದನ್ನು ತೆಗೆದು ಮತ್ತೆ ಬಿಗಿದೆವು. ಸಂದನ್ನು ಒಂದೇ ಕಡೆ ಅಳೆದರೆ ಸಾಲದು. ತಟ್ಟೆಯ ಅಂಚಿನಲ್ಲಿ ಮೂರು ಕಡೆಗಳಲ್ಲಾದರೂ ಅಳೆಯಬೇಕು. ತೀರ ಕಡಮೆ ಮಾಡಿದರೆ ವಿದ್ಯುತ್ತು ನಿಂತಾಗಲೂ ತಟ್ಟೆ ರಾಟೆಗೆ ತಾಗುತ್ತ ಸವೆಯುತ್ತದೆ. ತಟ್ಟೆಯ ಮುಖ ನೀಲಿಗಟ್ಟಿ ಸುಟ್ಟ ವಾಸನೆ ಬರುತ್ತಿದ್ದರೆ ಈ ಉಪಾಯ ಹೆಚ್ಚು ದಿನ ಬಾಳದು. ಆಗ ಕ್ಲಚ್ಚನ್ನು ಮಾತ್ರ ಬದಲಾಯಿಸಬಹುದು. ಅದಕ್ಕೆ ಬಹುಮಟ್ಟಿಗೆ ಗ್ಯಾಸಿನ ಕೊಳವೆಗಳನ್ನು ಬಿಚ್ಚಬೇಕಾದ್ದಿಲ್ಲ ಎಂಬುದನ್ನು ಕಾರಿನ ಒಡೆಯರು ತಿಳಿದಿರುವುದು ಒಳ್ಳೆಯದು.

ಮೇ ತಿಂಗಳಿನಲ್ಲಿ ಗುರುಗಳನ್ನು ಕರೆದುಕೊಂಡು ಮತ್ತೆ ಅದೇ ದಾರಿಯಲ್ಲಿ ಹೋದೆವು. ಗುಂಡ್ಲುಪೇಟೆಯ ಪೇಟೆಬೀದಿಯಲ್ಲಿ ಈ ಸಲವೂ ಲಾರಿಗಳು ಅಡ್ಡವಾಗಿದ್ದುವು. ಅಲ್ಲಿ ನಿಂತ ಇಪ್ಪತ್ತು ನಿಮಿಷಗಳಲ್ಲಿ ಕ್ಲಚ್ಚು ಏಳು ಸಲ ಬಿಟ್ಟು ಏಳು ಸಲವೂ ಕಚ್ಚಿತು, ಗುರುಗಳೇ ಎಣಿಸುತ್ತಿದ್ದರು. ಮೇಲುಕಾಮನಹಳ್ಳಿಯ ಠಾಣೆಯನ್ನು ಗಾಜುಗಳನ್ನು ಏರಿಸಿಕೊಂಡೇ ದಾಟಿದೆವು. ದಾರಿಯಲ್ಲಿ ಪೋಲಾಗುತ್ತಿದ್ದ ಆ ೦.೮ ವೋಲ್ಟಿನಲ್ಲಿ ಹೆಚ್ಚಿನ ಭಾಗ ರಿಲೇಯ ತಳದ ಕರಿದಾದ ಸಂಪರ್ಕದಲ್ಲಿದೆಯೆಂದು ಅನಂತರ ಕಂಡುಬಂದಿತು. ಅದನ್ನು ಇನ್ನೂ ಸರಿಪಡಿಸಬೇಕಾಗಿದೆ.