ಅರ್ಜಿಯೂ ಅಕ್ಷರವೂ

ಸರಕಾರದ ಬಾಗಿಲನ್ನು ತಟ್ಟದೆ ಸಂಸಾರ ಸಾಗಿಸಬಲ್ಲ ಗೃಹಸ್ಥನು ನಮ್ಮ ನಾಡಿನಲ್ಲಿ ಒಬ್ಬನೂ ಇರಲಾರನು. ಮಗು ಹುಟ್ಟಿದರೆ ಒಂದು ಪತ್ರ, ಹಿರಿಯರು ಕಾಲವಾದರೆ ಇನ್ನೊಂದು. ಹುಡುಗರ ವಿದ್ಯಾರ್ಥಿವೇತನಕ್ಕೆ ಜಾತಿ ಮತ್ತು ಆದಾಯದ ಪತ್ರ. ತೀರಿಕೊಂಡ ತಂದೆಯ ಹೊಲವು ಮಕ್ಕಳ ಹೆಸರಿಗೆ ಬರಬೇಕಾದರೆ ಪೌತಿ ಖಾತೆ. ಆ ಹೊಲದಲ್ಲಿ ಮನೆ ಕಟ್ಟಬೇಕೆಂದರೆ ಭೂಪರಿವರ್ತನೆಯ ಅನುಮತಿ. ಈ ಅರ್ಜಿಗಳಲ್ಲಿ ಬಹುಪಾಲು ಈಗ ಕಾಗದವನ್ನು ಬಿಟ್ಟು ಕಂಪ್ಯೂಟರನ್ನು ಸೇರಿವೆ. ಇದರಿಂದ ಕಡೂರು, ತರೀಕೆರೆ, ಅಜ್ಜಂಪುರಗಳ ಸಂಸಾರಿಗಳಿಗೆ ದೊರೆತ ಅನುಕೂಲವೇನು, ಉಳಿದ ತೊಡಕೇನು ಎಂಬುದನ್ನು ನಮ್ಮ ಅಲ್ಪ ಅನುಭವದಿಂದ ವಾಚಕರಿಗೆ ಅರಿಕೆ ಮಾಡುತ್ತೇವೆ.

ಮೊದಲು ಹಿಂದಿನ ಸ್ಥಿತಿಯನ್ನು ನೆನೆಯೋಣ. ಅಜ್ಜಂಪುರವು ಬಹುಕಾಲ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಊರು. 2017ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. ಅದಕ್ಕೆ ಮುಂಚೆ ಶಿವನಿಯ ಕಡೆಯ ರೈತನು ಒಂದು ರುಜುವಿಗಾಗಿ ತರೀಕೆರೆಗೆ ಹೋಗಬೇಕಾಗಿತ್ತು. ರೈಲನ್ನು ನಂಬಿದರೆ ಕಷ್ಟ ಇನ್ನೂ ಹೆಚ್ಚು. ಅಜ್ಜಂಪುರವಿರುವುದು ಹುಬ್ಬಳ್ಳಿಯ ಮಾರ್ಗದಲ್ಲಿ, ತರೀಕೆರೆಯಿರುವುದು ಶಿವಮೊಗ್ಗದ ಮಾರ್ಗದಲ್ಲಿ. ಬೀರೂರಿಗೆ ಬಂದು ಗಾಡಿ ಬದಲಾಯಿಸಬೇಕು. ಇಷ್ಟು ಪ್ರಯಾಸದಿಂದ ಹೋದವನಿಗೆ “ಸಾಹೇಬರು ಸಭೆಗೆ ಹೋಗಿದ್ದಾರೆ, ನಾಳೆ ಬಾ” ಎಂಬ ಮಾತು ದೊರೆತರೆ ಒಂದು ದಿನದ ಕೂಲಿಯೂ ಹೋಯಿತು, ಬುತ್ತಿಯೂ ಹಳಸಿತು. ಕಡೂರಿನ ಯಗಟಿ, ಪಂಚನಹಳ್ಳಿಗಳ ಕಡೆಯವರ ಪಾಡೂ ಇದಕ್ಕಿಂತ ಬೇರೆಯಾಗಿರಲಿಲ್ಲ.

ಈ ವ್ಯವಸ್ಥೆಗೆ ಮೊದಲ ಪೆಟ್ಟು ಕೊಟ್ಟದ್ದು ‘ಭೂಮಿ’ ಯೋಜನೆ. 2000ದ ಆಸುಪಾಸಿನಲ್ಲಿ, ಸುಮಾರು 9,000 ಮಂದಿ ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಇವುಗಳಿಗೆ ಸಂಬಂಧಪಟ್ಟ ಭೂಮಾಲೀಕರ ಸಂಖ್ಯೆ ಸುಮಾರು 67 ಲಕ್ಷ. ಆಗ 15 ರೂಪಾಯಿ ಕೊಟ್ಟವನಿಗೆ ತಾಲ್ಲೂಕು ಕಛೇರಿಯ ಕಿಟಕಿಯಲ್ಲಿ ಪಹಣಿ ದೊರೆಯತೊಡಗಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ಎತ್ತಿಕೊಳ್ಳಬೇಕೆಂಬ ಕಟ್ಟುಪಾಡನ್ನು ಯಂತ್ರದೊಳಗೇ ಇಟ್ಟರು; ಅಧಿಕಾರಿಯು ತನ್ನ ಬೆರಳಚ್ಚನ್ನು ಒತ್ತಿಯೇ ಕೆಲಸಕ್ಕೆ ತೊಡಗಬೇಕಾಯಿತು. ಮುಂದೆ 2011ರಲ್ಲಿ ‘ಸಕಾಲ’ದ ಅಧಿನಿಯಮವಾಗಿ 2012ರಲ್ಲಿ ಜಾರಿಗೆ ಬಂದಿತು. ಒಂದೊಂದು ಸೇವೆಗೂ ಇಂತಿಷ್ಟು ದಿನವೆಂದು ಗಡುವು. ಗಡುವು ಮೀರಿದರೆ ಅರ್ಜಿದಾರನು ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಗೆ ಮೀರದ ಪರಿಹಾರವನ್ನು ಕೇಳಬಹುದು. ಹಣದ ಮೊತ್ತ ಅಲ್ಪವೇ ಸರಿ. ಆದರೆ ಪ್ರಜೆಯ ಕಾಲಕ್ಕೂ ಬೆಲೆಯುಂಟೆಂದು ಶಾಸನವು ಒಪ್ಪಿಕೊಂಡದ್ದು ಅಲ್ಪವಲ್ಲ. ಈಗ ‘ಸೇವಾಸಿಂಧು’ವಿನ ಮೂಲಕ ಮನೆಯಿಂದಲೇ ಅನೇಕ ಅರ್ಜಿಗಳನ್ನು ಸಲ್ಲಿಸಬಹುದು, 1964ರ ಭೂಕಂದಾಯ ಅಧಿನಿಯಮದ 95ನೆಯ ಪ್ರಕರಣದಂತೆ ಕೇಳುವ ಭೂಪರಿವರ್ತನೆಗೂ ಪ್ರಮಾಣಪತ್ರದೊಡನೆ ಆನ್‌ಲೈನ್ ಅರ್ಜಿಯೇ.

ಇಷ್ಟೆಲ್ಲ ಆದ ಮೇಲೂ ತೊಡಕೇನು ಎಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರವಾಗಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಕಳೆದ ವರ್ಷ ನಮ್ಮ ಹಳೆಯ ಶಿಷ್ಯನೊಬ್ಬನು ತನ್ನ ತಾಯಿಯನ್ನು ಕರೆದುಕೊಂಡು ಮನೆಗೆ ಬಂದನು. ತಂದೆ ತೀರಿ ವರ್ಷ ಕಳೆದಿತ್ತು. ಪೌತಿ ಖಾತೆಗೆ ಹಾಕಿದ ಅರ್ಜಿ ಆಕ್ಷೇಪಣೆಯೊಡನೆ ಹಿಂದಕ್ಕೆ ಬಂದಿತ್ತು. ಖಾತೆಯಾಗದೆ ಬ್ಯಾಂಕಿನವರು ಬೆಳೆಸಾಲ ಕೊಡರು. ಸಾಲವಿಲ್ಲದೆ ಈರುಳ್ಳಿಯ ಬಿತ್ತನೆಯಾಗದು. ಕಾಗದಗಳನ್ನು ಹರಡಿ ನೋಡಿದೆವು. ವಂಶವೃಕ್ಷದಲ್ಲಿ ಅವನ ಹೆಸರು ‘ಸಿದ್ದ’ ಎಂದು ಆರಂಭವಾಗಿದೆ. ಶಾಲೆಯ ವರ್ಗಾವಣೆ ಪತ್ರದಲ್ಲಿಯೂ ಅದನ್ನು ಅನುಸರಿಸಿದ ಆಧಾರ್ ಚೀಟಿಯಲ್ಲಿಯೂ ‘ಸಿದ್ಧ’ ಎಂದಿದೆ. ವರ್ಗಾವಣೆ ಪತ್ರದ ಅಕ್ಷರ ನಮ್ಮದೇ! ಮೂವತ್ತೈದು ವರ್ಷಗಳ ಹಿಂದೆ ತಂದೆಯು ಬಾಯಲ್ಲಿ ಹೇಳಿದ ಹೆಸರನ್ನು ಸಂಸ್ಕೃತದ ಅಭಿಮಾನದಿಂದ ‘ಶುದ್ಧ’ಗೊಳಿಸಿ ದಾಖಲಾತಿ ಪುಸ್ತಕದಲ್ಲಿ ಬರೆದವರು ನಾವು.

ತ್ವಷ್ಟೃವು ಇಂದ್ರನನ್ನು ಕೊಲ್ಲಬಲ್ಲ ಮಗನನ್ನು ಬಯಸಿ ಯಾಗ ಮಾಡಿದಾಗ ‘ಇಂದ್ರಶತ್ರು’ ಎಂಬ ಪದದ ಸ್ವರ ತಪ್ಪಿ, ಕೊಲ್ಲಬೇಕಾದವನೇ ಹತನಾದನೆಂಬ ಕಥೆಯನ್ನು ನಾವು ತರಗತಿಯಲ್ಲಿ ಎಷ್ಟೋ ಬಾರಿ ಹೇಳಿದ್ದೇವೆ. ಒಂದು ಮಹಾಪ್ರಾಣವು ಒಂದು ಸಂಸಾರದ ಬಿತ್ತನೆಯನ್ನು ತಡೆಯಬಲ್ಲುದೆಂದು ಮಾತ್ರ ನಮಗೆ ಹೊಳೆದಿರಲಿಲ್ಲ. ಶಾನುಭೋಗರ ಕಾಲದಲ್ಲಾದರೆ “ಇವನು ಅವನೇ, ನಾನು ಬಲ್ಲೆ” ಎಂದರೆ ಮುಗಿಯುತ್ತಿತ್ತು. ಯಂತ್ರವು ಮನುಷ್ಯನನ್ನು ಬಲ್ಲುದಲ್ಲ. ಅಕ್ಷರವನ್ನು ಮಾತ್ರ ಬಲ್ಲುದು. ಆದರೆ ಆ “ಬಲ್ಲೆ” ಎಂಬ ಮಾತಿಗೆ ಎಷ್ಟೋ ಬಡವರು ಕಾಣಿಕೆ ತೆತ್ತಿದ್ದನ್ನೂ ನಾವು ಕಂಡಿದ್ದೇವೆ. ಆದಕಾರಣ ಹಳೆಯದನ್ನು ಹೊಗಳಲಾರೆವು.

ಕೊನೆಗೆ ಎರಡು ಹೆಸರೂ ಒಬ್ಬನವೇ ಎಂದು ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿ, ನಾವೂ ಸಾಕ್ಷಿ ಹಾಕಿ, ಮತ್ತೆ ಅರ್ಜಿ ಸಲ್ಲಿಸಿದ್ದಾಯಿತು. ಖಾತೆಯಾಯಿತು, ಬಿತ್ತನೆಯ ಹದ ಮಾತ್ರ ಮೀರಿಹೋಗಿತ್ತು. ಆ ತಾಯಿ ನಮ್ಮನ್ನು ಒಂದು ಮಾತೂ ಆಡಲಿಲ್ಲ. “ಮೇಷ್ಟ್ರೇ, ನೀವು ಚೆನ್ನಾಗಿರಲಿ ಅಂತಲೇ ಬರೆದಿರಿ” ಎಂದರು. ಬೈದಿದ್ದರೆ ನಮಗೆ ಇಷ್ಟು ನೋವಾಗುತ್ತಿರಲಿಲ್ಲ.

ಇನ್ನೊಂದು ತೊಡಕು ಕೈಗಾವಲಿನದು. ಹಿಂದೆ ಕಛೇರಿಯ ಮುಂದಿನ ಮರದಡಿಯಲ್ಲಿ ಅರ್ಜಿ ಬರೆಯುವವನು ಕೂತಿರುತ್ತಿದ್ದನು. ಈಗ ಅವನ ಸ್ಥಾನದಲ್ಲಿ ಕಂಪ್ಯೂಟರ್ ಅಂಗಡಿಯ ಹುಡುಗನಿದ್ದಾನೆ. ಹುಡುಗನು ಒಳ್ಳೆಯವನೇ ಇರಬಹುದು. ಆದರೆ ಅರ್ಜಿದಾರನ ಫೋನ್ ಸಂಖ್ಯೆಯ ಜಾಗದಲ್ಲಿ ತನ್ನದನ್ನೇ ಬರೆದುಬಿಟ್ಟರೆ, ಆಕ್ಷೇಪಣೆಯ ಸಂದೇಶವು ಅವನಿಗೆ ಹೋಗುವುದೇ ಹೊರತು ಮನೆಯವರಿಗೆ ತಿಳಿಯುವುದಿಲ್ಲ. ಮನೆಯಲ್ಲಿರುವ ಒಂದೇ ಫೋನು ಬೆಂಗಳೂರಿನ ಮಗನ ಹತ್ತಿರವಿದ್ದರೆ ಓಟಿಪಿ ಬರುವುದು ಅಲ್ಲಿಗೆ, ಮುದುಕಿ ಕಾಯುವುದು ಇಲ್ಲಿ. ಇದರ ಮೇಲೆ “ಸರ್ವರ್ ಇಲ್ಲ” ಎಂಬ ಹೊಸ “ನಾಳೆ ಬಾ” ಬೇರೆ.

ಆದುದರಿಂದ ಗೃಹಿಣಿಯರಲ್ಲಿಯೂ ಗೃಹಸ್ಥರಲ್ಲಿಯೂ ನಮ್ಮ ವಿನಂತಿ ಇಷ್ಟು. ಬಿಡುವಾದ ಒಂದು ದಿನ ಮನೆಯ ಕಾಗದಗಳನ್ನೆಲ್ಲ ಒಂದೆಡೆ ಹರಡಿರಿ. ಪಹಣಿ, ಆಧಾರ್, ಪಡಿತರ ಚೀಟಿ, ಶಾಲೆಯ ಪತ್ರ, ಬ್ಯಾಂಕಿನ ಪುಸ್ತಕ, ಇವುಗಳಲ್ಲಿ ಒಬ್ಬೊಬ್ಬರ ಹೆಸರೂ ಅಕ್ಷರಶಃ ಒಂದೇ ಆಗಿದೆಯೇ ನೋಡಿರಿ. ಮದುವೆಯಾಗಿ ಬಂದ ಸೊಸೆಯರ ಹೆಸರನ್ನು ವಿಶೇಷವಾಗಿ ನೋಡಿರಿ. ತವರಿನ ಹೆಸರೊಂದು, ಅತ್ತೆಮನೆಯ ಹೆಸರೊಂದು ಇರುವುದು ವಾಡಿಕೆ. ವ್ಯತ್ಯಾಸವಿದ್ದರೆ ಹಿರಿಯರು ಬದುಕಿರುವಾಗಲೇ ತಿದ್ದಿಸಿರಿ. ಅರ್ಜಿ ಕೊಟ್ಟಾಗ ನಿಮ್ಮದೇ ಫೋನ್ ಸಂಖ್ಯೆಯನ್ನು ಬರೆಸಿ, ಸ್ವೀಕೃತಿಯ ಸಂಖ್ಯೆಯನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಗುರುತುಹಾಕಿರಿ. ಓಟಿಪಿಯನ್ನು ಅಪರಿಚಿತರಿಗೆ ಹೇಳಬೇಡಿರಿ.

ತರೀಕೆರೆಯ ಸಮೀಪದ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ಶಾಸನವನ್ನು ಕವಿ ಜನ್ನನೇ ರಚಿಸಿದನೆಂಬುದು ಪ್ರಸಿದ್ಧವಾಗಿದೆ. ಕಲ್ಲಿನಲ್ಲಿ ಕಂಡರಿಸುವವನಿಗೆ ತಪ್ಪಿದರೆ ಅಳಿಸುವ ಉಪಾಯವಿರಲಿಲ್ಲ. ಆದಕಾರಣ ಒಂದೊಂದು ಅಕ್ಷರವನ್ನೂ ನೋಡಿ ಕೆತ್ತಬೇಕಾಗಿತ್ತು. ಕಂಪ್ಯೂಟರಿನಲ್ಲಿ ಅಳಿಸುವುದು ಸುಲಭವೆಂದು ನಾವು ಉಪೇಕ್ಷೆ ಮಾಡುತ್ತೇವೆ. ಒಮ್ಮೆ ದಾಖಲೆಯಾದ ಮೇಲೆ ಅದನ್ನು ತಿದ್ದಿಸುವುದು ಕಲ್ಲನ್ನು ತಿದ್ದಿಸಿದಷ್ಟೇ ಕಷ್ಟವೆಂದು ಆ ಶಿಷ್ಯನ ಮನೆಯವರು ಬಲ್ಲರು. ಈಗ ಶಾಲೆಗಳಲ್ಲಿ ದಾಖಲಾತಿ ಬರೆಯುತ್ತಿರುವ ತರುಣ ಉಪಾಧ್ಯಾಯರು ತಂದೆತಾಯಿಗಳು ಹೇಳಿದ ಹೆಸರನ್ನು ಹೇಳಿದಂತೆಯೇ ಬರೆದು, ಓದಿ ಹೇಳಿ, ಒಪ್ಪಿಗೆ ಪಡೆಯಲಿ. ನಾವು ಹಾಗೆ ಮಾಡಲಿಲ್ಲ.