ಒಂದು ಎಲೆ, ಒಂದು ಗಿಡ

ಬೀಜ ಹಾಕಿದರೆ ಗಿಡ ಬರುತ್ತದೆ. ಇದು ನಮಗೆಲ್ಲ ಗೊತ್ತು. ಎಲೆ ಇಟ್ಟರೂ ಗಿಡ ಬರುತ್ತದಾ? ಬರುತ್ತದೆ. ಆದರೆ ಎಲ್ಲ ಎಲೆಗಳಿಂದಲೂ ಬರುವುದಿಲ್ಲ.

ಕಾಡುಬಸಳೆ ನೋಡಿ. ಇದರ ಎಲೆ ದಪ್ಪ. ಒಳಗೆ ನೀರು ತುಂಬಿರುತ್ತದೆ. ಬಂಗಾರಪೇಟೆಯಲ್ಲಿ ಕಿತ್ತ ಎಲೆಯನ್ನು ರೈಲಿನಲ್ಲಿ ಮಾರಿಕುಪ್ಪಂವರೆಗೆ ತಂದರೂ ಬಾಡುವುದಿಲ್ಲ. ಎಲೆಯ ಅಂಚಿನಲ್ಲಿ ಸಣ್ಣ ಕಚ್ಚುಗಳಿವೆ. ಎಲೆಯನ್ನು ತೇವದ ಮಣ್ಣಿನ ಮೇಲೆ ಮಲಗಿಸಿ. ಕೆಲವು ವಾರದಲ್ಲಿ ಆ ಕಚ್ಚುಗಳಿಂದ ಪುಟ್ಟ ಗಿಡಗಳು ಏಳುತ್ತವೆ.

ಹಾವಿನ ಗಿಡದ ಎಲೆ ಕತ್ತಿಯ ಹಾಗೆ ಉದ್ದ. ಅದನ್ನು ನಾಲ್ಕು ಬೆರಳು ಅಗಲದ ತುಂಡು ಮಾಡಿ. ಎರಡು ಮೂರು ದಿನ ನೆರಳಲ್ಲಿ ಒಣಗಲಿ. ಇಲ್ಲಾಂದ್ರೆ ಕೊಳೆಯುತ್ತದೆ. ಆಮೇಲೆ ಮಣ್ಣಿಗೆ ಊರಿ, ಇಲ್ಲವೇ ನೀರಲ್ಲಿ ನಿಲ್ಲಿಸಿ. ಬುಡದ ಕಡೆ ಕೆಳಗೇ ಇರಬೇಕು. ತಲೆಕೆಳಗಾದರೆ ಬೇರು ಬರುವುದಿಲ್ಲ. ಬೇರಿಗೆ ಒಂದೆರಡು ತಿಂಗಳು ಬೇಕು. ಅವಸರ ಬೇಡ.

ಮನಿಪ್ಲಾಂಟ್ ಹಾಗಲ್ಲ. ಬರೀ ಎಲೆ ಇಟ್ಟರೆ ಬೇರು ಬಂದರೂ ಬಳ್ಳಿ ಬರುವುದಿಲ್ಲ. ಗೆಣ್ಣು ಇರುವ ತುಂಡೇ ಬೇಕು. ಚಿಗುರು ಹೊರಡುವುದು ಗೆಣ್ಣಿನಿಂದ. ದೊಡ್ಡಪತ್ರೆಗೂ ಗೆಣ್ಣಿರುವ ಕಡ್ಡಿಯೇ ಒಳ್ಳೆಯದು.

ನೀರಲ್ಲಿ ಇಟ್ಟಿದ್ದೀರಾ? ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ಡೆಂಗ್ಯೂ ತರುವ ಸೊಳ್ಳೆ ನಿಂತ ನೀರಲ್ಲೇ ಮೊಟ್ಟೆ ಇಡುತ್ತದೆ. ಹಳೆಯ ನೀರನ್ನು ಬೇರೆ ಗಿಡಕ್ಕೆ ಹಾಕಿ. ನಮ್ಮ ಕಡೆ ನೀರು ಸುಮ್ಮನೆ ಚೆಲ್ಲುವಂತಿಲ್ಲ.

ಈಗ ಮಣ್ಣಿನ ಮಾತು. ಕೆ.ಜಿ.ಎಫ್.ನ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆದರೆ ಸೈನೈಡ್ ದಿಬ್ಬಗಳು ಊರೊಳಗೇ ಉಳಿದವು. ಕಲ್ಲು ಅರೆದು, ಸೈನೈಡ್ ಬೆರೆಸಿ, ಚಿನ್ನ ತೆಗೆದ ಮೇಲೆ ಉಳಿದ ಪುಡಿ ಅದು. ನೋಡಲು ನುಣ್ಣನೆ ಮರಳಿನ ಹಾಗಿದೆ. ಲೈನ್ ಮನೆಗಳಿಗೆ ಹತ್ತಿರವೂ ಇದೆ. ಆದರೂ ಕುಂಡಕ್ಕೆ ಅದನ್ನು ತರಬೇಡಿ. ಅದರಲ್ಲಿ ಗಿಡಕ್ಕೆ ಊಟವಿಲ್ಲ. ಗಣಿಯ ವಿಷದ ಅಂಶಗಳೂ ಇರಬಹುದು. ದೊಡ್ಡಪತ್ರೆ ನಾವು ತಿನ್ನುವ ಎಲೆ. ಮಕ್ಕಳಿಗೆ ಕೆಮ್ಮು ಬಂದರೆ ಅದರ ರಸವನ್ನೇ ಕೊಡುತ್ತೇವಲ್ಲ!

ಹಾಗಾದರೆ ಯಾವ ಮಣ್ಣು? ಹೊಲದ ಕೆಂಪು ಮಣ್ಣು ಒಂದು ಪಾಲು. ಹೊಳೆ ಮರಳು ಒಂದು ಪಾಲು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು. ಹಳೇ ಡಬ್ಬದ ತಳಕ್ಕೆ ತೂತು ಮಾಡಿ ತುಂಬಿ. ನೀರು ನಿಲ್ಲಬಾರದು.

ಹಾವಿನ ಗಿಡ, ಮನಿಪ್ಲಾಂಟ್ ಎಲೆಗಳನ್ನು ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಅವು ತಿನ್ನುವ ಎಲೆಗಳಲ್ಲ.

ಅಂಗಳ ಇಲ್ಲದಿದ್ದರೂ ಕಿಟಕಿ ಇದೆ. ದುಡ್ಡು ಬೇಡ, ಪಕ್ಕದ ಮನೆಯಿಂದ ಒಂದು ಎಲೆ ಕೇಳಿದರೆ ಸಾಕು. ನೆಟ್ಟ ದಿನ ಡಬ್ಬದ ಮೇಲೆ ಗಿಡದ ಹೆಸರು, ತಾರೀಖು ಬರೆಯಿರಿ. ನಿಮ್ಮ ಕೈಯಿಂದಲೇ ಬರೆಯಿರಿ.